ಮಗ್ಗದ ಜಾಗಕ್ಕೆ ಬಂದ ಪೆಟ್ಟಿಗೆ

ನಾನು ಒಂದು ಹೋಮ್ ಥಿಯೇಟರ್ ರಿಸೀವರ್. ಕಪ್ಪು ತಗಡಿನ ಪೆಟ್ಟಿಗೆ, ಮುಂದೆ ಒಂದು ದಪ್ಪ ತಿರುಗಣೆ, ಹಿಂದೆ ವೈರು ಸಿಕ್ಕಿಸುವ ತೂತುಗಳು. ಟಿವಿಯಿಂದಲೋ ಫೋನಿನಿಂದಲೋ ಬಂದ ಸದ್ದನ್ನು ಹಿಡಿದು, ಅದಕ್ಕೆ ಬಲ ತುಂಬಿ, ಐದು ಚಿಕ್ಕ ಸ್ಪೀಕರುಗಳಿಗೂ ಒಂದು ಬೇಸ್ ಡಬ್ಬಕ್ಕೂ ಹಂಚುವುದು ನನ್ನ ಕೆಲಸ. ಬಂದದ್ದನ್ನು ಹೊರಗೆ ಬಿಡುತ್ತೇನೆ, ಅಷ್ಟೆ. ಅಳು ಬಂದರೆ ಅಳು, ಸೋಪಿನ ಜಾಹೀರಾತು ಬಂದರೆ ಸೋಪಿನ ಜಾಹೀರಾತು. ನನ್ನದು ಅಂತ ಏನೂ ಸೇರಿಸುವುದಿಲ್ಲ. ಸೇರಿಸುತ್ತಿದ್ದದ್ದು ಒಂದೇ ಒಂದು, ಅದೂ ಹುಟ್ಟಿನಿಂದ ಬಂದ ಊನ.

ಹುಟ್ಟಿದ್ದು ಒಂದು ಉದ್ದನೆಯ ಮೇಜಿನ ಮೇಲೆ. ಹೇಳಿಕೊಳ್ಳುವಂಥ ಜಾತಕವೇನಲ್ಲ. ಆ ತುದಿಯಲ್ಲಿ ಬರೀ ತಗಡಾಗಿದ್ದೆ, ಈ ತುದಿಗೆ ಬರುವಷ್ಟರಲ್ಲಿ ರಿಸೀವರ್ ಆಗಿದ್ದೆ. ನಡುವೆ ಟೋಪಿ ಹಾಕಿಕೊಂಡ ಹೆಣ್ಣುಮಕ್ಕಳು ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ತುಂಡು ಇಟ್ಟು ಮುಂದಕ್ಕೆ ತಳ್ಳಿದರು. ಅರ್ತ್ ವೈರನ್ನು ಬೆಸೆಯಬೇಕಿದ್ದವಳು ಬೆಸುಗೆ ಕಡ್ಡಿ ಎತ್ತಿದ ಹೊತ್ತಿಗೆ ಸರಿಯಾಗಿ ಊಟದ ಬೆಲ್ ಆಯಿತು. ಊಟದ ಬೆಲ್ಲಿಗಿಂತ ದೊಡ್ಡದು ಲೋಕದಲ್ಲಿ ಯಾವುದಿದೆ ಹೇಳಿ. ಅವಳು ಅರೆಬರೆ ಅಂಟಿಸಿ ಎದ್ದು ಹೋದಳು. ಅಂದಿನಿಂದ ನನಗೆ ಕರೆಂಟು ಕೊಟ್ಟರೆ ಸಾಕು, ಹಾಡಿರಲಿ ಬಿಡಲಿ, ನನ್ನ ಸ್ಪೀಕರುಗಳಲ್ಲಿ ‘ಗುಂಯ್’ ಅಂತ ಒಂದು ಸದ್ದು. ಬೇಸ್ ಡಬ್ಬದಲ್ಲಂತೂ ಜೋರು. ಪರೀಕ್ಷೆ ಮಾಡುವವನು ನನ್ನ ಮೇಲೆ ಅಬ್ಬರದ ಹಾಡು ಹಾಕಿ ನೋಡಿದ. ಅಬ್ಬರದಲ್ಲಿ ಗುಂಯ್ ಎಲ್ಲಿ ಕೇಳಬೇಕು? ಪಾಸು ಅಂತ ಹಸಿರು ಚೀಟಿ ಅಂಟಿಸಿ ಕಳಿಸಿದ. ನನಗೇನೂ ಅನಿಸಲಿಲ್ಲ. ತಗಡಿಗೆ ಏನು ಅನಿಸಬೇಕು?

ಲಾರಿ ಇಳಿಸಿದ್ದು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ, ಇಮ್ತಿಯಾಜ್ ಎಂಬವರ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ. ಬಂದವರಿಗೆ ಕೇಳಿಸಿ ತೋರಿಸಲು ನನ್ನನ್ನು ಮುಂದಿನ ಹಲಗೆಯ ಮೇಲೆ ಕೂರಿಸಿದರು. ಬೆಳಗಿನಿಂದ ಸಂಜೆವರೆಗೆ ಒಂದೇ ವಿಡಿಯೋ. ಹೆಲಿಕಾಪ್ಟರ್ ಎಡದಿಂದ ಬಲಕ್ಕೆ ಹೋಗುತ್ತದೆ, ಗಾಜು ಒಡೆಯುತ್ತದೆ, ಗುಡುಗು ಹೊಡೆಯುತ್ತದೆ, ಮತ್ತೆ ಹೆಲಿಕಾಪ್ಟರ್. ಮೊದಮೊದಲು ಗುಡುಗಿನ ಹೊತ್ತಿಗೆ ನನ್ನ ಬೇಸ್ ಡಬ್ಬಕ್ಕೆ ಕೊಂಚ ಹುರುಪು ಇತ್ತು. ಆಮೇಲೆ ಅದೂ ಹೋಯಿತು.

ಮೊದಲು ನನ್ನನ್ನು ಕೊಂಡವರು ಒಬ್ಬ ಹಲ್ಲಿನ ಡಾಕ್ಟರು. ಕಾದು ಕೂರುವ ರೋಗಿಗಳಿಗೆ ಸಣ್ಣಗೆ ವೀಣೆ ಕೇಳಲಿ ಅಂತ ಅವರ ಆಸೆ. ವೀಣೆ ಸಣ್ಣಗಾದಷ್ಟೂ ನನ್ನ ಗುಂಯ್ ಎದ್ದು ಕೇಳುತ್ತಿತ್ತು. ಬೆಂಚಿನ ಮೇಲೆ ಕೂತವರು ಅದನ್ನು ಹಲ್ಲು ಕೊರೆಯುವ ಮಿಷನ್ನು ಅಂದುಕೊಂಡು ದವಡೆ ಹಿಡಿದುಕೊಳ್ಳುತ್ತಿದ್ದರು. ಒಬ್ಬ ಪೈಲ್ವಾನನಂಥ ಮನುಷ್ಯ ಚಪ್ಪಲಿ ಅಲ್ಲೇ ಬಿಟ್ಟು ಎದ್ದು ಹೋದ. ಡಾಕ್ಟರು ನನ್ನನ್ನು ವಾಪಸು ಕಳಿಸಿದರು. ಇಮ್ತಿಯಾಜ್ ‘ತಥ್’ ಅಂದು ನನ್ನನ್ನು ಮೂಲೆಯ ಕೆಳಗಿನ ಹಲಗೆಗೆ ತಳ್ಳಿದರು. ಅಲ್ಲಿಂದ ನನಗೆ ಮೊದಲು ಕಾಣುತ್ತಿದ್ದದ್ದು ಜನರ ಕಾಲು, ಆಮೇಲೆ ಮುಖ. ಬೇಜಾರೂ ಇಲ್ಲ, ಸಂತೋಷವೂ ಇಲ್ಲ. ಧೂಳು ಕೂರುತ್ತಿತ್ತು, ನಾನೂ ಕೂತಿದ್ದೆ.

ಒಂದು ಬೆಳಗ್ಗೆ ಮೂರು ಜೊತೆ ಕಾಲು ಒಳಗೆ ಬಂದವು. ಹೊಸ ಸ್ಯಾಂಡಲ್ಸ್ ಹಾಕಿದ್ದವಳು ಸುಪ್ರೀತ, ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ. ಕಾಲುಂಗುರದ ಕಾಲು ಅವಳ ತಾಯಿ ಬನಶಂಕರಮ್ಮನವರದು. ಮೂರನೆಯವು ಬರಿಗಾಲು, ಅಗಲವಾದ ಪಾದ, ಬಲಗಾಲಿನ ಹೆಬ್ಬೆರಳು ಚಪ್ಪಟೆ. ಅದು ತಂದೆ ಚೌಡಪ್ಪನವರದು. ಅವರನ್ನು ಸ್ಟೂಲಿನ ಮೇಲೆ ಕೂರಿಸಿದರು. ಕೂರಿಸಿದ ಹಾಗೇ ಕೂತರು, ಗರ ಬಡಿದವರ ಹಾಗೆ.

ಸುಪ್ರೀತ ಫೋನಿನಲ್ಲಿ ಓದಿಕೊಂಡು ತಯಾರಾಗಿಯೇ ಬಂದಿದ್ದಳು. “ನಮ್ ಬಜೆಟ್ ಇಷ್ಟೇ ಅಂಕಲ್, ಅದರ ಮೇಲೆ ತೋರಿಸ್ಬೇಡಿ,” ಎಂದು ಮೊದಲೇ ಗೆರೆ ಎಳೆದಳು. “ರಿಸೀವರ್‌ಗೆ ಕಮ್ಮಿ ಹಾಕಿ, ಸ್ಪೀಕರ್‌ಗೆ ಜಾಸ್ತಿ ಹಾಕ್ಬೇಕಂತೆ. ವ್ಯಾಟು ಗೀಟು ನೋಡಿ ಮೋಸ ಹೋಗ್ಬಾರ್ದಂತೆ. ನಂಗೆ ಮಾತು ಸ್ಪಷ್ಟವಾಗಿ ಕೇಳ್ಬೇಕು, ಅಷ್ಟೇ.”

“ಮಾತು ಬೇಕಂದ್ರೆ ಸೆಂಟರ್ ಸ್ಪೀಕರ್ ಚೆನ್ನಾಗಿರ್ಬೇಕಮ್ಮ,” ಎಂದರು ಇಮ್ತಿಯಾಜ್. “ಸಿನಿಮಾದಲ್ಲಿ ಹೀರೋ ಹೀರೋಯಿನ್ ಮಾತೆಲ್ಲ ಟಿವಿ ಕೆಳಗಿರೋ ಈ ನಡುವಿನ ಸ್ಪೀಕರಲ್ಲೇ ಬರೋದು. ಬಾಕಿದೆಲ್ಲ ಹಾಡು, ಫೈಟು, ಗಲಾಟೆ. ನೋಡಿ, ಇದಕ್ಕೆ ಬಣ್ಣದ ಲೈಟೂ ಇದೆ.”

“ಲೈಟ್ ಇಟ್ಕೊಂಡು ಏನ್ ಮಾಡೋಣ, ಉಪ್ಪಿನಕಾಯಿ ಹಾಕೋಣ್ವಾ?” ಎಂದರು ಬನಶಂಕರಮ್ಮ. ಆಮೇಲೆ ದನಿ ತಗ್ಗಿಸಿ, ಗಂಡನಿಗೆ ಬೆನ್ನು ಮಾಡಿ, ಅಂಗಡಿಯವರಿಗೆ ಮನೆಯ ಸಂಗತಿ ಹೇಳತೊಡಗಿದರು.

ಅವರದು ಮಗ್ಗದ ಮನೆ. ನಾಲ್ಕು ಪವರ್ ಲೂಮ್ ಇದ್ದವು. ಚೌಡಪ್ಪನವರು ಮದುವೆಗೆ ಮುಂಚಿನಿಂದ ನೇಯುತ್ತಿದ್ದವರು. ಈಚೆಗೆ ಸೀರೆಯ ಆರ್ಡರು ನಿಂತು ಮಗ್ಗಗಳು ಅರ್ಧ ತಿಂಗಳು ಸುಮ್ಮನೆ ನಿಲ್ಲುತ್ತಿದ್ದವು. ಕಿವಿಯ ಡಾಕ್ಟರು ಬೇರೆ, ಈ ಸದ್ದಿನಲ್ಲೇ ಇದ್ದರೆ ಯಜಮಾನರಿಗೆ ಇರುವ ಕಿವಿಯೂ ಹೋಗುತ್ತದೆ ಅಂದಿದ್ದರು. ಕೇಳಿದರೆ ಇವರು ಬೇಡ ಅನ್ನುತ್ತಾರೆ ಅಂತ ಬನಶಂಕರಮ್ಮನವರಿಗೆ ಗೊತ್ತಿತ್ತು. ಚೌಡಪ್ಪನವರು ತಮ್ಮ ಅಕ್ಕನ ಊರಿಗೆ ತಿಥಿಗೆ ಹೋದಾಗ ಈಕೆ ಗುಜರಿಯವನನ್ನು ಕರೆದು ನಾಲ್ಕೂ ಮಗ್ಗ ಎತ್ತಿಸಿಬಿಟ್ಟರು. ಚೌಡಪ್ಪನವರು ವಾಪಸು ಬಂದರು. ಬಾಗಿಲಲ್ಲಿ ನಿಂತು, ನೆಲದಲ್ಲಿ ಉಳಿದಿದ್ದ ಬೋಲ್ಟುಗಳನ್ನು ನೋಡಿದರು. ಕಾಲು ತೊಳೆದುಕೊಂಡು ಒಳಗೆ ಬಂದು ಕೂತರು. ಅವತ್ತಿನಿಂದ ತುಟಿ ಪಿಟಕ್ ಅಂದಿಲ್ಲ.

“ಬೈದಿದ್ರೆ ಬೈಸ್ಕೊಂತಿದ್ದೆ ಸಾಬ್ರೇ. ಹೊಡ್ದಿದ್ರೂ ಸರಿ ಹೋಗ್ತಿತ್ತು,” ಎಂದರು ಬನಶಂಕರಮ್ಮ. “ದಿನಾ ಕೇಳ್ತೀನಿ, ನನ್ ಮೇಲೆ ಕೋಪನಾ ಅಂತ. ಉಸ್ರು ಬಿಡಲ್ಲ. ಒಂದು ಮಾತು ಅಂದ್ರೆ ಸಾಕು ನಂಗೆ. ಟಿವಿ ಮುಂದೆ ಕೂತಿರ್ತಾರೆ, ಟಿವಿ ಮಾತೂ ಕೇಳ್ಸಲ್ಲ ಅನ್ಸುತ್ತೆ. ಅದಾದ್ರೂ ಕೇಳ್ಲಿ, ಮನಸ್ಸು ಹಗುರ ಆಗ್ಲಿ, ಅಂತ ಇವಳು...” ಎನ್ನುತ್ತ ಮೂಗು ಒರೆಸಿಕೊಂಡರು.

ಇಮ್ತಿಯಾಜ್ ಒಂದಾದ ಮೇಲೊಂದು ಹಾಕಿ ತೋರಿಸಿದರು. ಹೆಲಿಕಾಪ್ಟರು ಚೌಡಪ್ಪನವರ ತಲೆಯ ಮೇಲೆ ಹಾರಿತು. ಗಾಜು ಅವರ ಕಿವಿಯ ಪಕ್ಕ ಒಡೆಯಿತು. ಅವರು ರೆಪ್ಪೆ ಅಲುಗಿಸಲಿಲ್ಲ. ಸುಪ್ರೀತ ಪೆಟ್ಟಿಗೆಗಳ ಕಡೆಯೇ ನೋಡುತ್ತ ಪ್ರತಿಯೊಂದಕ್ಕೂ “ಅಪ್ಪ, ಇದು? ಅಪ್ಪ, ಇದು?” ಎಂದು ಕೇಳಿ ಸೋತಳು. ಕೊನೆಗೆ ಬಜೆಟ್ಟಿಗೆ ಸರಿಯಾಗಿ ಒಂದು ಸೆಟ್ಟು ಗೊತ್ತು ಮಾಡಿದಳು. ಚೆನ್ನಾಗಿಯೇ ಇತ್ತು ಅದು, ನನಗಿಂತ ಎಷ್ಟೋ ಮೇಲು.

ಅದನ್ನು ಕಟ್ಟಿಕೊಡಲು ಇಮ್ತಿಯಾಜ್ ವೈರು ಕಿತ್ತು ಬೇರೆ ಪ್ಲಗ್ಗಿಗೆ ಸಿಕ್ಕಿಸುವಾಗ ಅವರ ಮೊಣಕೈ ನನ್ನ ಸ್ವಿಚ್ಚಿಗೆ ತಗುಲಿತು. ನಾನು ಆನ್ ಆದೆ. ಹಾಡಿಲ್ಲ, ಹೆಲಿಕಾಪ್ಟರಿಲ್ಲ. ಬರೀ ನನ್ನ ಊನ. ಗುಂಯ್.

ಸ್ಟೂಲಿನ ಮೇಲಿದ್ದ ಬರಿಗಾಲು ಅಲುಗಾಡಿತು. ಚೌಡಪ್ಪನವರು ಎದ್ದು ಬಂದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೇಸ್ ಡಬ್ಬದ ಮೇಲೆ ಅಂಗೈ ಇಟ್ಟರು. ಇಟ್ಟ ಕೈ ತೆಗೆಯಲಿಲ್ಲ. ಆಮೇಲೆ ಮಗಳ ಕಡೆ ನೋಡಿ, ಇನ್ನೊಂದು ಕೈಯ ಬೆರಳಿನಿಂದ ನನ್ನನ್ನು ಕುಟ್ಟಿ ತೋರಿಸಿದರು.

“ಅಯ್ಯೋ ಯಜಮಾನ್ರೇ, ಅದು ಕೆಟ್ಟಿರೋ ಪೀಸು. ಒಂದ್ಸಲ ವಾಪಸ್ ಬಂದಿದೆ. ನಾನೇ ಕೊಡಲ್ಲ ಅದನ್ನ,” ಎಂದರು ಇಮ್ತಿಯಾಜ್. ಒಳ್ಳೆಯ ಮನುಷ್ಯರು. ಸುಪ್ರೀತಳೂ, “ಅಪ್ಪ, ಅದಕ್ಕಿಂತ ಇದು ಚೆನ್ನಾಗಿದೆ, ನೋಡು,” ಎಂದು ಅಂಗಲಾಚಿದಳು. ಅವರು ಕೇಳಿದ್ದರೆ ತಾನೆ. ಕೈ ನನ್ನ ಮೇಲೆಯೇ ಇತ್ತು.

ಬನಶಂಕರಮ್ಮ ಆ ಕೈಯನ್ನೇ ನೋಡಿದರು. “ಮಗ್ಗ ಓಡೋ ಮುಂಚೆ ಬರೀ ಮೋಟರ್ ಹಾಕಿದ್ರೆ ಹಿಂಗೇ ಗುಂಯ್ ಅಂತಿತ್ತು ಕಣಮ್ಮಿ,” ಎಂದರು. “ಇದನ್ನೇ ಕಟ್ಟಿಸು. ಕೆಟ್ಟಿದ್ರೆ ಕೆಟ್ಟಿರ್ಲಿ.”

ಹೀಗೆ, ಊರಲ್ಲಿ ಒಳ್ಳೊಳ್ಳೆಯ ಸೆಟ್ಟುಗಳೆಲ್ಲ ಬಿದ್ದಿರುವಾಗ, ರೋಗಕ್ಕೋಸ್ಕರವೇ ಆಯ್ಕೆಯಾದ ರಿಸೀವರ್ ಅಂದರೆ ನಾನೊಬ್ಬನೇ ಇರಬೇಕು. ಹೆಮ್ಮೆ ಪಡಬೇಕಿತ್ತೇನೋ. ನನಗೇನೂ ಅನಿಸಲಿಲ್ಲ.

ಆ ಮನೆಯಲ್ಲಿ ನನ್ನನ್ನು ಇಟ್ಟದ್ದು ಮಗ್ಗಗಳು ನಿಂತಿದ್ದ ದೊಡ್ಡ ಕೋಣೆಯಲ್ಲಿ. ಅದರ ಒಂದು ಪಕ್ಕಕ್ಕೇ ಅಡುಗೆಯ ಜಾಗ. ನೆಲದಿಂದ ಮೇಲೆದ್ದಿದ್ದ ಬೋಲ್ಟುಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ನಾನು, ಟಿವಿ, ನಡುವಿನ ಸ್ಪೀಕರು. ಉಳಿದ ನಾಲ್ಕು ಸ್ಪೀಕರುಗಳನ್ನು ನಾಲ್ಕು ಮೂಲೆಗೆ ಮೊಳೆ ಹೊಡೆದು ತೂಗು ಹಾಕಿದರು. ಗೋಡೆಯ ಮೇಲೆಲ್ಲ ಎಣ್ಣೆಯ ಕಲೆ. ಗೋಡೆಯ ಸಂದಿಗಳಲ್ಲಿ ಇನ್ನೂ ನೂಲಿನ ಜೂಲು ಸಿಕ್ಕಿಕೊಂಡಿತ್ತು. ಬನಶಂಕರಮ್ಮ ಎಷ್ಟು ಗುಡಿಸಿದರೂ ಎಲ್ಲಿಂದಲೋ ಒಂದು ಎಳೆ ಬಂದು ಬೀಳುತ್ತಿತ್ತು.

ಟಿವಿಯನ್ನು ನನಗೆ ಜೋಡಿಸಿ ಸುಪ್ರೀತ ಧಾರಾವಾಹಿ ಹಾಕಿದಳು. ಮಾತು ಸ್ಪಷ್ಟವಾಗಿಯೇ ಬಂತು. ಅತ್ತೆ ಸೊಸೆಯನ್ನು ಬೈದದ್ದು ಬೀದಿಗೆ ಕೇಳಿತು. ಚೌಡಪ್ಪನವರಿಗೆ ಅದು ಬೇಡ. ಮಗಳು ಕೆಲಸಕ್ಕೆ ಹೋದ ಮೇಲೆ ಟಿವಿ ಆರಿಸಿ, ನನ್ನನ್ನು ಮಾತ್ರ ಹಚ್ಚಿಟ್ಟು, ಬೇಸ್ ಡಬ್ಬಕ್ಕೆ ಬೆನ್ನು ಒರಗಿಸಿ ಕೂರುತ್ತಿದ್ದರು. ನಾನು ಗುಂಯ್ ಅನ್ನುತ್ತಿದ್ದೆ. ಅವರು ಸುಮ್ಮನಿರುತ್ತಿದ್ದರು. ನಮ್ಮಿಬ್ಬರಿಗೆ ಹೊಂದಾಣಿಕೆ ಚೆನ್ನಾಗಿತ್ತು. ಅವರಿಗೂ ಏನೂ ಅನಿಸುತ್ತಿರಲಿಲ್ಲವೋ ಏನೋ. ಊಟ ಮಾತ್ರ ಸರಿಯಾಗಿ ಮಾಡತೊಡಗಿದರು, ಮಧ್ಯಾಹ್ನ ಒಂದು ನಿದ್ದೆಯನ್ನೂ ಮಾಡುತ್ತಿದ್ದರು.

ಆದರೆ ಮಾತಿಲ್ಲ. ಮಾತು ಬಾರದ ಮನೆಯಲ್ಲಿ ಮಿಕ್ಕವರೂ ಪಿಸುಗುಟ್ಟಲು ಕಲಿಯುತ್ತಾರೆ. ತಾಯಿ ಮಗಳು ತಲೆ ತಗ್ಗಿಸಿಕೊಂಡು, ಸೂತಕದ ಮನೆಯವರ ಹಾಗೆ ಗುಸುಗುಸು ಅನ್ನುತ್ತ ಓಡಾಡುತ್ತಿದ್ದರು. ಬನಶಂಕರಮ್ಮ ಒಲೆಯ ಮುಂದೆ ನಿಂತು, ಸೌಟು ತಿರುವುತ್ತ, ಪಾತ್ರೆಯ ಕಡೆ ನೋಡಿಕೊಂಡು ದಿನವೂ ಅದನ್ನೇ ಕೇಳುತ್ತಿದ್ದರು. “ನನ್ ಮೇಲೆ ಕೋಪನಾ? ಕೋಪ ಇದ್ರೆ ಒಂದ್ಸಲ ಅಂದ್ಬಿಡ್ರೀ. ಕಲ್ಲಾದ್ರೂ ಕರಗ್ತಿತ್ತು ಇಷ್ಟೊತ್ತಿಗೆ.” ಬೆನ್ನ ಹಿಂದೆ ಚೌಡಪ್ಪನವರು ಕೂತಿರುತ್ತಿದ್ದರು. ಬನಶಂಕರಮ್ಮ ಸೆರಗಿನಿಂದ ಕಣ್ಣು ಒತ್ತಿಕೊಂಡು, ಮುದ್ದೆಗೆ ಹಿಟ್ಟು ಹಾಕುತ್ತಿದ್ದರು.

ಆಯುಧಪೂಜೆ ಬಂತು. ಪ್ರತಿ ವರ್ಷ ನಾಲ್ಕೂ ಮಗ್ಗ ತೊಳೆದು, ವಿಭೂತಿ ಕುಂಕುಮ ಹಚ್ಚಿ, ನೂಲು ಒಯ್ಯುವ ಲಾಳಿಗಳನ್ನೆಲ್ಲ ಮೊರದಲ್ಲಿ ಸಾಲಾಗಿ ಜೋಡಿಸಿ, ಬೂದುಗುಂಬಳ ಒಡೆಯುತ್ತಿದ್ದರಂತೆ. ಈ ಸಲ ಪೂಜೆಗೆ ಏನಿದೆ? ಬನಶಂಕರಮ್ಮ ಕುಂಕುಮದ ಬಟ್ಟಲು ಹಿಡಿದುಕೊಂಡು ಕೋಣೆಯ ನಡುವೆ ಸ್ವಲ್ಪ ಹೊತ್ತು ನಿಂತಿದ್ದರು. ಕೊನೆಗೆ ನನ್ನ ಹಣೆಗೆ, ಅಂದರೆ ಆ ದಪ್ಪ ತಿರುಗಣೆಯ ಮೇಲೆ, ಒಂದು ಬೊಟ್ಟು ಇಟ್ಟರು. ಬೇಸ್ ಡಬ್ಬಕ್ಕೆ ಸೇವಂತಿಗೆಯ ತುಂಡು ಹಾರ. ಚೌಡಪ್ಪನವರು ಅದನ್ನು ನೋಡಿ ಮುಖ ಆ ಕಡೆ ತಿರುಗಿಸಿಕೊಂಡರು. ಪೂಜೆ ಮಾಡಿಸಿಕೊಂಡರೆ ಏನೋ ಆಗುತ್ತದೆ ಅನ್ನುತ್ತಾರೆ. ತಿರುಗಣೆ ಸ್ವಲ್ಪ ಅಂಟಂಟಾಯಿತು, ಅಷ್ಟೆ.

ಹಬ್ಬದ ಊಟಕ್ಕೆ ಬನಶಂಕರಮ್ಮನವರ ತಮ್ಮ ಗಂಗರಾಜು ಬಂದಿದ್ದ. ಅವನಿಗೆ ಮೋಟರ್ ವೈಂಡಿಂಗ್ ಅಂಗಡಿ. ದಿನವಿಡೀ ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವವನು. ಅಂಥವನ ಕಿವಿಗೆ ಗುಂಯ್ ಬಿದ್ದರೆ ಬಿಡುತ್ತಾನೆಯೇ? ಒಬ್ಬಟ್ಟು ತಿನ್ನುತ್ತಿದ್ದವನು ತಟ್ಟೆ ಕೆಳಗಿಟ್ಟ. “ಅಕ್ಕ, ಈ ಡಬ್ಬಕ್ಕೆ ಅರ್ತ್ ಹೋಗೈತೆ. ಇಂಥದನ್ನ ತಂದಿದೀರಲ್ಲ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?” ಎಂದವನೇ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅಕ್ಕ ಪಕ್ಕದ ಮನೆಗೆ ಒಬ್ಬಟ್ಟು ಕೊಟ್ಟು ಬರಲು ಹೋದರು. ಭಾವ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದರು. ಅಷ್ಟರಲ್ಲಿ ನನ್ನ ಮುಚ್ಚಳ ತೆಗೆದು, ಸ್ಕೂಟರಿನ ಡಿಕ್ಕಿಯಲ್ಲಿದ್ದ ಬೆಸುಗೆ ಕಡ್ಡಿ ತಂದು, ಹುಟ್ಟಿನಿಂದ ಅರೆಬರೆಯಾಗಿದ್ದ ಆ ವೈರನ್ನು ಗಟ್ಟಿಯಾಗಿ ಬೆಸೆದುಬಿಟ್ಟ. ಮುಚ್ಚಳ ಹಾಕಿ ಸ್ವಿಚ್ ಒತ್ತಿದ. ಸದ್ದಿಲ್ಲ. ನಾನು ಆನ್ ಆಗಿದ್ದೇನೆಂದು ನನಗೇ ಗೊತ್ತಾಗಲಿಲ್ಲ. “ನೋಡಿ, ಹೆಂಗಿದೆ! ಬೆಣ್ಣೆ!” ಎಂದು ಬೀಗುತ್ತ ಅವನು ಪಾಯಸ ಕುಡಿದ.

ಚೌಡಪ್ಪನವರು ಕೈ ಒರೆಸಿಕೊಳ್ಳುತ್ತ ಬಂದು ಬೇಸ್ ಡಬ್ಬಕ್ಕೆ ಬೆನ್ನು ಒರಗಿಸಿದರು. ಒರಗಿಸಿ, ಎದ್ದರು. ಅಂಗೈ ಇಟ್ಟು ನೋಡಿದರು. ನನ್ನ ದೀಪ ಉರಿಯುತ್ತಿತ್ತು. ಮತ್ತೆ ಅಂಗೈ ಇಟ್ಟರು. ಆಮೇಲೆ ಹೋಗಿ ಚಾಪೆ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಾರನೆಯ ದಿನ ಊಟಕ್ಕೆ ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಬಲವಂತಕ್ಕೆ ಎರಡು ಗುಟುಕು ಗಂಜಿ.

ಸುಪ್ರೀತ ಮಾವನಿಗೆ ಫೋನು ಮಾಡಿ, ಆ ಗುಂಯ್ ಅನ್ನೋದನ್ನ ಮತ್ತೆ ಬರೋ ಹಾಗೆ ಮಾಡಿಕೊಡು ಅಂದಳು. ಅವನು ನಕ್ಕುಬಿಟ್ಟ. “ವಾಸಿ ಆಗಿರೋ ರೋಗನ ಯಾರಾದ್ರೂ ವಾಪಸ್ ಹಾಕ್ತಾರೇನಮ್ಮಿ? ಅರ್ತ್ ತೆಗೆದು ಯಾರಿಗಾದ್ರೂ ಶಾಕ್ ಹೊಡೆದ್ರೆ?” ಅವನು ಹೇಳಿದ್ದೂ ಸರಿಯೇ.

ಆವತ್ತು ಬನಶಂಕರಮ್ಮ ನನ್ನ ಮುಂದೆ ಬಂದು ಕೂತರು. ನನ್ನನ್ನೇ ನೋಡುತ್ತ, “ಮೋಟರ್ ಸದ್ದೇ ಇಷ್ಟು ಹಿಡಿಸಿತ್ತು ಅಂದ್ರೆ...” ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ದಡಕ್ಕನೆ ಎದ್ದರು. “ಸುಪ್ರೀತಾ, ನಿನ್ ಫೋನ್ ತಗೋ. ಬಾ.”

ಅವರು ಹೋದದ್ದು ಹಿಂದಿನ ಬೀದಿಯ ತಿಮ್ಮರಾಯಪ್ಪನ ಮಗ್ಗದ ಮನೆಗೆ. ಅಲ್ಲಿ ಇನ್ನೂ ಮಗ್ಗ ಓಡುತ್ತವೆ. ಮಗಳು ಫೋನು ಹಿಡಿದು ಆ ಸದ್ದನ್ನು ತುಂಬಿಕೊಂಡು ಬಂದಳು. ಬಂದವಳೇ ಫೋನನ್ನು ನನಗೆ ಜೋಡಿಸಿದಳು. ಬನಶಂಕರಮ್ಮ ನನ್ನ ತಿರುಗಣೆಯನ್ನು ಪೂರ್ತಿ ತಿರುಗಿಸಿದರು. ಅಷ್ಟು ದೂರ ಅದನ್ನು ಯಾರೂ ಯಾವತ್ತೂ ತಿರುಗಿಸಿರಲಿಲ್ಲ.

ಖಟಕ್ ಪಟಕ್ ಖಟಕ್ ಪಟಕ್. ಐದು ಸ್ಪೀಕರಿನಿಂದ ಐದು ಕಡೆಯಿಂದ ಲಾಳಿ ಹೊಡೆಯಿತು. ನೆಲ ನಡುಗಿತು. ಬೋಲ್ಟುಗಳ ಮೇಲಿದ್ದ ನನ್ನ ಹಲಗೆ ಕುಣಿಯಿತು. ಹೆಲಿಕಾಪ್ಟರು ಗುಡುಗು ಎಲ್ಲ ಇದರ ಮುಂದೆ ಮಕ್ಕಳಾಟ. ಗೋಡೆಯ ಸಂದಿಯಿಂದ ಹಳೆಯ ನೂಲಿನ ಎಳೆಗಳು ಉದುರಿದವು.

ಚೌಡಪ್ಪನವರು ಎದ್ದು ಕೂತರು. ಎದ್ದು ನಿಂತರು. ಚಾಪೆ ದಾಟಿ ಬಂದು, ಕೋಣೆಯ ಬಲಪಕ್ಕದಲ್ಲಿ ಒಂದು ಜಾಗದಲ್ಲಿ ನಿಂತರು. ಅಲ್ಲಿ ಏನೂ ಇರಲಿಲ್ಲ. ಆದರೂ ಅವರ ಕೈ ಸೊಂಟದ ಎತ್ತರಕ್ಕೆ ಹೋಗಿ ಯಾವುದನ್ನೋ ಹಿಡಿಯಿತು. ಬಲಗಾಲಿನ ಚಪ್ಪಟೆ ಹೆಬ್ಬೆರಳು ನೆಲವನ್ನು ಒತ್ತಿತು. ಬನಶಂಕರಮ್ಮ ಯಾರೂ ಹೇಳದೆಯೇ ಎದುರುಗಡೆ ಹೋಗಿ ನಿಂತರು. ಆ ಸದ್ದು ಎದ್ದರೆ ಅವರು ನಿಲ್ಲುವ ಜಾಗ ಅದೇ ಇರಬೇಕು.

ಆಗ ನಾನು ಅಲ್ಲಿಯವರೆಗೆ ಆ ಮನೆಯಲ್ಲಿ ನೋಡದೇ ಇದ್ದದ್ದೊಂದು ನಡೆಯಿತು. ಬನಶಂಕರಮ್ಮ ಮುಖ ಎತ್ತಿದರು. ನೆಟ್ಟಗೆ ಗಂಡನ ಮುಖವನ್ನೇ ನೋಡಿದರು. ಬಾಯನ್ನು ಅಗಲವಾಗಿ ತೆರೆದು, ಒಂದೊಂದು ಅಕ್ಷರಕ್ಕೂ ತುಟಿಯನ್ನು ಪೂರ್ತಿ ಹೊರಳಿಸಿ ಏನೋ ಹೇಳಿದರು. ಜೊತೆಗೆ ಕೈ. ನೆಲದ ಬೋಲ್ಟು ತೋರಿಸಿದರು, ತಮ್ಮ ಎದೆ ಮುಟ್ಟಿಕೊಂಡರು, ‘ಕೋಪನಾ?’ ಎನ್ನುವ ಹಾಗೆ ಅಂಗೈ ಮೇಲೆ ಮಾಡಿ ಗಾಳಿಯಲ್ಲಿ ಹಿಡಿದರು. ಮಗ್ಗದ ಮನೆಗಳಲ್ಲಿ ಹೀಗೆಯೇ ಮಾತಂತೆ. ಅಷ್ಟು ಸದ್ದಿನಲ್ಲಿ ಕಿವಿಯನ್ನು ಯಾರು ನಂಬುತ್ತಾರೆ? ಎದುರಿಗೆ ನಿಂತು, ಮುಖ ನೋಡಿ, ತುಟಿ ಓದಿ, ಕೈ ಓದಿ ಮಾತು. ದಾರ ಹರಿದರೆ ಬೆರಳು ಹೊಸೆಯುವುದು, ಕಾಫಿಗೆ ಹೆಬ್ಬೆರಳು ತುಟಿಗೆ. ಆ ಇಬ್ಬರೂ ಮದುವೆಯಾದ ವಾರದಿಂದ ಹಾಗೆಯೇ ಮಾತಾಡಿದವರು. ಜಗಳವಾಡಿದ್ದೂ ಹಾಗೆಯೇ.

ಚೌಡಪ್ಪನವರು ಹೆಂಡತಿಯ ತುಟಿಯನ್ನೇ ನೋಡಿದರು. ಅವರ ಹುಬ್ಬು ಮೇಲೆದ್ದಿತು. ಆಮೇಲೆ ಅವರ ತುಟಿಯೂ ಅಲುಗಿತು. ಕತ್ತಿನ ನರ ಉಬ್ಬಿತು. ಅವರು ಮಾತಾಡುತ್ತಿದ್ದರು! ಅದೂ ಗಂಟಲು ಹರಿಯುವ ಹಾಗೆ.

ನನಗೆ ಒಂದಕ್ಷರವೂ ಕೇಳಲಿಲ್ಲ. ಹೇಗೆ ಕೇಳಬೇಕು, ಆ ಗಲಾಟೆ ನನ್ನದೇ ತಾನೆ. ಆ ಮನೆಯಲ್ಲಿ ಎಲ್ಲರೂ ಕಾದಿದ್ದ ಮಾತು ನನ್ನ ಕಣ್ಣೆದುರಿಗೆ ಆಗುತ್ತಿದೆ, ನಾನು ಐದು ಬಾಯಲ್ಲಿ ಖಟಕ್ ಪಟಕ್ ಅನ್ನುತ್ತಿದ್ದೇನೆ. ಹುಟ್ಟಿದ ಮೇಲೆ ಮೊದಲ ಸಲ ನನಗೆ ಏನೋ ಅನಿಸಿತು. ಸುಮ್ಮನಾಗಬೇಕು ಅನಿಸಿತು.

ಬಿಸಿ ಏರುತ್ತಲೇ ಇತ್ತು. ನನ್ನಂಥ ಕಡಿಮೆ ಬೆಲೆಯ ಪೆಟ್ಟಿಗೆಗೆ ತಿರುಗಣೆಯ ಆ ತುದಿ ಬರೀ ತೋರಿಕೆಗೆ. ಅಲ್ಲಿಯವರೆಗೆ ಹೋಗಬಾರದು. ಒಳಗೆ ಫಟ್ ಎಂದಿತು. ಸುಟ್ಟ ವಾಸನೆ ಬಂತು. ನನ್ನ ದೀಪ ಆರಿತು. ಮಗ್ಗ ನಿಂತಿತು.

ಮನೆ ಇದ್ದಕ್ಕಿದ್ದ ಹಾಗೆ ತಣ್ಣಗಾಯಿತು. ಆದರೆ ಚೌಡಪ್ಪನವರ ಮಾತು ನಿಲ್ಲಲಿಲ್ಲ. ಸದ್ದು ನಿಂತದ್ದು ಅವರ ಗಮನಕ್ಕೇ ಬರಲಿಲ್ಲ. ಹೆಂಡತಿಯ ಮುಖವನ್ನು ನೋಡುತ್ತ, ನಾಲ್ಕು ಮಗ್ಗದ ಸದ್ದನ್ನೂ ಮೀರಿ ಕೇಳುವಂಥ ದನಿಯಲ್ಲಿ, ಗೊಗ್ಗರು ಗಂಟಲಲ್ಲಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳುತ್ತಲೇ ಇದ್ದರು.

“...ಯಾವಾಗ್ ಕೇಳ್ದೆ ನೀನು? ಒಲೆ ಕಡೆ ಮುಖ ಮಾಡ್ಕೊಂಡು ನಿಂತಿರ್ತಿದ್ದೆ. ಬೆನ್ನು ನೋಡ್ಕೊಂಡು ನಾನೇನು ಉತ್ರ ಕೊಡ್ಲಿ? ಮಗ್ಗ ಹೋಗಿದ್ದಕ್ಕೆ ಹೊಟ್ಟೆ ಉರೀತದೆ, ಸುಳ್ಳು ಯಾಕೆ ಹೇಳ್ಲಿ. ನಿನ್ ಮೇಲಲ್ಲ ಕಣೆ. ಮಗ್ಗನೇ ಹೋದ ಮೇಲೆ ಇವನ ಹತ್ರ ಇನ್ನೇನು ಮಾತು ಅಂತ, ನೀವೇ ನನ್ ಜೊತೆ ಮಾತು ಬಿಟ್ಟಿದೀರಿ ಅನ್ಕೊಂಡಿದ್ದೆ ನಾನು. ತಾಯಿ ಮಗಳು ಇಬ್ರೂ.”

ಸುಪ್ರೀತ ಕೈಯಲ್ಲಿದ್ದ ಫೋನನ್ನು ಹಲಗೆಯ ಮೇಲಿಟ್ಟು ಅಮ್ಮನ ಪಕ್ಕಕ್ಕೆ ಬಂದು ನಿಂತಳು. ನಾಲ್ಕು ಮಗ್ಗದ ಸದ್ದಿನಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದಾಗ, ಅವರೊಬ್ಬರ ಕಿವಿ ಇಷ್ಟರ ಮಟ್ಟಿಗೆ ಹೋಗಿದೆ ಅಂತ ಯಾರಿಗೆ ಗೊತ್ತಾಗಬೇಕು? ಅವರಿಗೇ ಗೊತ್ತಿರಲಿಲ್ಲ. ನನ್ನ ಗುಂಯ್ ಕೂಡ ಅವರಿಗೆ ಮುಟ್ಟುತ್ತಿದ್ದದ್ದು ಅಂಗಾಲಿನಿಂದ, ಅಂಗೈಯಿಂದ, ಬೆನ್ನಿನಿಂದ. ಸದ್ದು ನಿಂತ ಮೇಲೆ ಮನೆಯವರು ತಲೆ ತಗ್ಗಿಸಿದರು, ಮುಖ ತಿರುಗಿಸಿದರು. ಅಲ್ಲಿಗೆ ಅವರ ಪಾಲಿಗೆ ಮಾತೇ ನಿಂತುಹೋಯಿತು.

ಬನಶಂಕರಮ್ಮನವರಿಗೆ ಅಳು ಉಕ್ಕಿತು. ಅಭ್ಯಾಸಬಲದಿಂದ ಸೆರಗು ಮುಖಕ್ಕೆ ಹೋಯಿತು. ಅರ್ಧಕ್ಕೆ ತಡೆದು, ಸೆರಗನ್ನು ಕೆಳಗಿಳಿಸಿ, ಕಣ್ಣೀರು ಸುರಿಯುತ್ತಿದ್ದ ಮುಖವನ್ನು ಗಂಡನಿಗೆ ಕಾಣುವ ಹಾಗೆ ಎತ್ತಿ ಹಿಡಿದು, ತುಟಿ ದೊಡ್ಡದು ಮಾಡಿ, “ನಾನು ಬಿಡ್ತೀನಾ?” ಎಂದರು. “ನಾನು ಮಾತು ಬಿಡ್ತೀನಾ? ನಿಮ್ ಜೊತೆ?”

ಚೌಡಪ್ಪನವರು ಓದಿದರು. ತಲೆ ಅಲ್ಲಾಡಿಸಿದರು. ಕಾಲಡಿಯ ನೆಲ ಅಲುಗುತ್ತಿಲ್ಲ ಅನ್ನುವುದು ಆಗ ಅವರಿಗೆ ತಿಳಿಯಿತು. ನನ್ನ ಕಡೆ ತಿರುಗಿ, “ಇದ್ಯಾಕೆ ನಿಂತೋಯ್ತು?” ಎಂದರು, ಅದೇ ದೊಡ್ಡ ದನಿಯಲ್ಲಿ. ಬಾಗಿಲ ಬಳಿ ನೆರೆಯವರು ಸೇರಿದ್ದರು. ಚೌಡಪ್ಪನ ಮನೆಗೆ ಮಗ್ಗ ವಾಪಸು ಬಂತಾ ಅಂತ ನೋಡಲು ಬಂದವರು.

ಗಂಗರಾಜು ಬಂದು ನನ್ನ ಮುಚ್ಚಳ ತೆಗೆದು, ಒಳಗೆಲ್ಲ ಮಸಿ ಅಂದ. ರಿಪೇರಿಗೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದಂತೆ. ಹೊಸದು ಯಾರಿಗೂ ಬೇಕಿರಲಿಲ್ಲ. ಎರಡು ಸ್ಪೀಕರನ್ನು ಅವನೇ ಅಂಗಡಿಗೆ ಒಯ್ದ. ಮಿಕ್ಕವು ಅಟ್ಟ ಸೇರಿದವು. ಸುಪ್ರೀತ ಅಪ್ಪನನ್ನು ಕರೆದೊಯ್ದು ಕಿವಿಗೆ ಮಿಷನ್ನು ಹಾಕಿಸಿದಳು. ತಟ್ಟೆ ಲೋಟದ ಸದ್ದೆಲ್ಲ ತಲೆಗೆ ಹೊಡೆಯುತ್ತದೆ ಅಂತ ಅವರು ಅದನ್ನು ದೇವರ ಗೂಡಿನಲ್ಲಿ ಇಟ್ಟು ಮರೆಯುತ್ತಾರೆ. ಬೇಸ್ ಡಬ್ಬ ಒಲೆಯ ಪಕ್ಕಕ್ಕೆ ಹೋಗಿದೆ, ಅವರು ಕೂರಲು. ಅಲ್ಲಿ ಕೂತರೆ ಹೆಂಡತಿಯ ಮುಖ ಕಾಣುತ್ತದೆ.

ನಾನು ಅದೇ ಹಲಗೆಯ ಮೇಲಿದ್ದೇನೆ. ಕರೆಂಟಿಲ್ಲ, ಗುಂಯ್ ಇಲ್ಲ. ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಹಳೆಯ ಲಾಳಿಯೊಂದು. ಆಯುಧಪೂಜೆಗೆ ನನಗೂ ಲಾಳಿಗೂ ಕುಂಕುಮ. ಎಷ್ಟೋ ಸದ್ದು ನನ್ನೊಳಗಿಂದ ಹೋಯಿತು, ಒಂದೂ ನನ್ನಲ್ಲಿ ಉಳಿಯಲಿಲ್ಲ. ಉಳಿದದ್ದು ನಾನು ಸತ್ತ ಮೇಲೆ ಕೇಳಿದ ಆ ನಾಲ್ಕು ಮಾತು. ಈಗಲೂ ನನಗೆ ಏನಾದರೂ ಅನಿಸುತ್ತದೆಯೇ ಅಂದರೆ, ದಿನಾ ಅಂತಲ್ಲ, ಆಗಾಗ ಅನಿಸುತ್ತದೆ.

ನಿನ್ನೆ ಹುರುಳಿಕಾಳಿನ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಅಂತ ಗಂಡ ಹೆಂಡತಿಗೆ ಜಗಳವಾಯಿತು. ಬನಶಂಕರಮ್ಮ ಒಲೆ ಬಿಟ್ಟು ಪೂರ್ತಿ ಈ ಕಡೆ ತಿರುಗಿ ನಿಂತು, ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ ಲಕ್ಷ್ಯವಿಲ್ಲದೆ, ತುಟಿ ದೊಡ್ಡದು ಮಾಡಿ ಬೈದರು. ಚೌಡಪ್ಪನವರು ಬೇಸ್ ಡಬ್ಬದ ಮೇಲೆ ಕೂತು ಒಂದನ್ನೂ ಬಿಡದೆ ನೋಡಿದರು. ಹಿಂದೆ ಹಾಲು ಉಕ್ಕಿ ಒಲೆಗೆ ಸುರಿಯಿತು. ಅವರಿಬ್ಬರೂ ತಿರುಗಲಿಲ್ಲ.